ಮಂಟಪದ ಮೆಟ್ಟಿಲು

ಒಲೆಯ ಮೇಲೆ ಉಪ್ಪಿಟ್ಟಿಗೆ ನೀರು ಕುದಿಯುವ ಹೊತ್ತಿಗೇ ಬಂದು ಬಾಗಿಲು ಬಡಿಯುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಮುಖ ತೊಳ್ಕೊಂಡ್ರಾ?" ಅರ್ಧ ಜನರ ತಕರಾರು ಅಲ್ಲಿಗೇ ಮುಗಿಯುತ್ತದೆ. ಅವರ ಅಂಗಡಿಯ ವೆಬ್ ಪುಟದಲ್ಲಿ ಗೋಡೆಗೆ ಹಸಿರು ಅಂತ ಬರೆದು ಉಳಿಸಿರುತ್ತೇನೆ, ಗೋಡೆ ಹಸಿರಾಗಿಯೂ ಇರುತ್ತದೆ, ಇವರ ಕಣ್ಣು ಮಾತ್ರ ನಿನ್ನೆಯ ನೀಲಿಯನ್ನೇ ಹಿಡಿದುಕೊಂಡು ಕೂತಿರುತ್ತದೆ. ತಣ್ಣೀರು ಎರಚಿಕೊಂಡರೆ ಹಳೆಯದು ಜಾರಿ ಹೋಗುತ್ತದೆ. ಅದಕ್ಕೇ ನಮ್ಮೂರಿನಲ್ಲಿ ಅಂಗಡಿಗೊಂದು ನಲ್ಲಿ. ನಲ್ಲಿಯಲ್ಲಿ ನೀರೂ ಬರುತ್ತದೆ. ಆದರೆ ಮುಖ ತೊಳೆಯುವುದಕ್ಕೆ ಮೊದಲು ನನ್ನ ಮೇಲೊಂದು ಸಲ ಕೂಗಾಡಬೇಕು ಅನ್ನುವುದು ನಮ್ಮ ಜನರ ಪದ್ಧತಿ.

ಇಲ್ಲಿ ಗಾರೆಯವರು ಪಾಯ ಹಾಕಿ, ಗೋಡೆ ಎಬ್ಬಿಸಿ, ಕೈ ತೊಳೆದುಕೊಂಡು ಹೋಗುತ್ತಾರೆ. ಆಮೇಲೆ ಬಾಗಿಲು ಎಲ್ಲಿರಬೇಕು, ಬಣ್ಣ ಯಾವುದು, ಬೋರ್ಡು ಎಷ್ಟು ದೊಡ್ಡದು, ಎಲ್ಲವೂ ಆ ಕಟ್ಟಡದ ವೆಬ್ ಪುಟದಲ್ಲಿ ಬರೆದ ಹಾಗೆ. ಪುಟ ಬದಲಾದರೆ ಕಟ್ಟಡ ಬದಲಾಗುತ್ತದೆ, ಪುಟ ಕೆಟ್ಟರೆ ಕಟ್ಟಡ ಕೆಡುತ್ತದೆ. ಆ ಪುಟಗಳಿಗೆ ಥೀಮ್, ಅಂದರೆ ರೂಪದ ಕಟ್ಟಳೆ, ಮಾಡಿಕೊಡುವವಳು ನಾನು. ಹೆಸರು ವಾರಿಜ, ಊರು ಕರೆಯುವುದು ಪುಟದಕ್ಕ ಅಂತ. ಮನೆಯವರು ಲಾರಿ ಓಡಿಸುತ್ತಾರೆ. ಬಂದಾಗ ನಿದ್ದೆ ಮಾಡುತ್ತಾರೆ, ಎದ್ದಾಗ ಹೊರಡುತ್ತಾರೆ. ಉಳಿದ ಸಂಸಾರವೆಲ್ಲ ನಾನು ಮತ್ತು ನನ್ನ ಮಗಳು ಮೈನಾ, ಜೊತೆಗೆ ಈ ಊರಿನ ಅಷ್ಟೂ ಬಾಗಿಲುಗಳು.

ಕಲಿತದ್ದನ್ನು ಹೇಳಿಕೊಡುವುದಕ್ಕೆ ನಾನು ಎಂದೂ ಹಿಂದೆ ಸರಿದವಳಲ್ಲ. ಬಾಯಿ ನೋಯುವಷ್ಟು ಹೇಳಿದ್ದೇನೆ. ಮೂಲ ಥೀಮಿಗೆ ಕೈ ಹಾಕಬೇಡಿ, ಅದರದೊಂದು ಮರಿ ಮಾಡಿಕೊಂಡು ಮರಿಯಲ್ಲಿ ಬರೆಯಿರಿ, ಕೆಟ್ಟರೆ ಮರಿ ಕೆಡಲಿ, ತಾಯಿ ಉಳಿಯಲಿ. ಬದಲಾಯಿಸುವ ಮೊದಲು ಹಳೆಯದರ ನಕಲು ತೆಗೆದಿಡಿ. ಯಾವ ಸಾಲು ಯಾತಕ್ಕೆ ಅಂತ ಪಕ್ಕದಲ್ಲೇ ಒಂದು ಮಾತು ಬರೆದಿಡಿ, ನಾಳೆ ಅದನ್ನು ಓದುವವರು ನೀವೇ ಆಗಿರುತ್ತೀರಿ, ನಿಮಗೇ ಅರ್ಥವಾಗುವುದಿಲ್ಲ. ಯಾರು ಕೇಳಬೇಕು? ಮಿಠಾಯಿ ಅಂಗಡಿಯವನಿಗೆ ಮುಂದಿನ ಬೆಂಚು ಬೇಡವಾಯಿತು. ತೆಗೆದುಹಾಕು ಅಂತ ಬರೆಯುವ ಬದಲು ಕಾಣಿಸಬೇಡ ಅಂತ ಬರೆದ. ಬೆಂಚು ಕಾಣುವುದು ನಿಂತಿತು, ಇರುವುದು ನಿಲ್ಲಲಿಲ್ಲ. ಈಗಲೂ ಆ ಬೀದಿಯಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತಾ ನಡೆಯುವವರನ್ನು ಕಂಡರೆ, ಓಹೋ, ಜಹಾಂಗೀರು ತರುವುದಕ್ಕೆ ಹೋಗಿದ್ದರು ಅಂದುಕೊಳ್ಳಬೇಕು. ಚಿನ್ನದಂಗಡಿಯವರಂತೂ ಬಂದಾಗಲೆಲ್ಲ "ಅಕ್ಕಾ, ಬೋರ್ಡು ಇನ್ನೊಂಚೂರು ದೊಡ್ಡದು" ಅನ್ನುತ್ತಾರೆ. ಒಂಚೂರು ಒಂಚೂರು ಅಂತ ಅದು ಬೆಳೆದು, ಮೇಲಿನ ಮನೆಯವರು ಈಗ ಕಿಟಕಿ ತೆರೆದರೆ ಕಾಣುವುದು 'ಜ್ಯುವೆಲ್ಲರ್ಸ್'ನ ಒತ್ತಕ್ಷರದ ಬೆನ್ನು.

ಎಲ್ಲಕ್ಕಿಂತ ದೊಡ್ಡ ಕಾಯಿಲೆ ಇಂಪಾರ್ಟೆಂಟಿನದು. ಒಂದು ಸಾಲಿನ ಕೊನೆಗೆ ಇಂಪಾರ್ಟೆಂಟ್ ಅಂತ ಗೀಚಿದರೆ ಆ ಮಾತು ಉಳಿದೆಲ್ಲ ಮಾತನ್ನು ತುಳಿದು ನಿಲ್ಲುತ್ತದೆ. ಎಲ್ಲೋ ಒಂದು ಕಡೆ, ಗತಿಯಿಲ್ಲದಾಗ, ಔಷಧಿಯ ಹಾಗೆ ಬಳಸುವುದು ಅದು. ನಮ್ಮವರು ಅನ್ನಕ್ಕೆ ಉಪ್ಪು ಹಾಕಿದ ಹಾಗೆ ಹಾಕುತ್ತಾರೆ. ಎಲ್ಲರೂ ಮುಖ್ಯವಾದ ಮೇಲೆ ಯಾರು ಮುಖ್ಯ? ಕೊನೆಗೆ ಬರೆದವನು. ಅವನ ಮೇಲೆ ಇನ್ನೊಬ್ಬ.

ಇಷ್ಟೆಲ್ಲ ಸಹಿಸಿಕೊಂಡು ಬದುಕುತ್ತಿದ್ದೆ. ತಿಪ್ಪೇರುದ್ರಪ್ಪ ಮೇಷ್ಟ್ರು ತಂಗಿಯ ಮಗಳ ಮದುವೆಗೆ ಹೋಗಿ ಬರುವವರೆಗೆ.

ಅವರು ಮೈನಾಳ ಶಾಲೆಯ ಹೆಡ್‌ಮಾಸ್ಟರು. ಶಾಲೆಯ ಪಾಯ ಎದೆಯೆತ್ತರ, ಹಳೇ ಕಾಲದ್ದು. ಮೈನಾ ಓಡಾಡುವುದು ಗಾಲಿಕುರ್ಚಿಯಲ್ಲಿ. ಅವಳು ಒಂದನೇ ತರಗತಿಗೆ ಸೇರಿದ ವರ್ಷ ನಾನೇ ಶಾಲೆಯ ಪುಟದಲ್ಲಿ ಒಂದು ರ‍್ಯಾಂಪು ಬರೆದಿದ್ದೆ. ಕಡಿದಾಗಿದ್ದರೆ ಅವಳ ಕೈ ಸೋಲುತ್ತದೆ ಅಂತ ಉದ್ದಕ್ಕೆ ಎಳೆದು, ನಡುವೆ ಒಂದು ತಿರುವು ಕೊಟ್ಟು, ಮತ್ತೆ ಏರಿಸಿದ್ದೆ. ನಾಲ್ಕನೆಯ ತರಗತಿಯವರೆಗೆ ಅವಳು ಅದರ ಮೇಲೆ ಯಾರ ಹಂಗೂ ಇಲ್ಲದೆ ಹತ್ತಿದಳು, ಇಳಿದಳು, ಇಳಿಯುವಾಗ ಬ್ರೇಕು ಬಿಟ್ಟು ಬೈಸಿಕೊಂಡಳು. ಪಕ್ಕದಲ್ಲಿ ಉಳಿದ ಮಕ್ಕಳಿಗೆ ಹಳೇ ಕಲ್ಲುಮೆಟ್ಟಿಲು ಇದ್ದವು.

ಮದುವೆ ನಡೆದದ್ದು ಊರ ಹೊರಗಿನ ದೊಡ್ಡ ಕಲ್ಯಾಣ ಮಂಟಪದಲ್ಲಿ. ಅದರ ಮೆಟ್ಟಿಲು ನೋಡಿ ಮೇಷ್ಟ್ರಿಗೆ ಮನಸ್ಸು ನಿಲ್ಲಲಿಲ್ಲ. ಹೊಳೆಯುವ ಕರಿಕಲ್ಲು, ಆ ತುದಿಯಿಂದ ಈ ತುದಿಗೆ ಹರಡಿದ ಅಗಲ. ಭಾನುವಾರ ಕೂತು ಮಂಟಪದ ಪುಟ ತೆರೆದು, ಮೇಲಿಂದ ಕೆಳಗೆ ಬಳಿದು ಎತ್ತಿಕೊಂಡು ಬಂದು, ಶಾಲೆಯ ಪುಟದ ಮೂಲ ಥೀಮಿನಲ್ಲೇ ಸುರಿದು, ಉಳಿಸಿಬಿಟ್ಟರು. ಹಳೇ ಕಲ್ಲುಮೆಟ್ಟಿಲನ್ನು ತಾವೇ ಅಳಿಸಿಯೂ ಹಾಕಿದ್ದರು, ಜಾಗ ಸಾಲದು ಅಂತ.

ಸೋಮವಾರ ಬೆಳಿಗ್ಗೆ ಶಾಲೆ ಮಂಟಪವಾಗಿತ್ತು. ಮೆಟ್ಟಿಲು ಬಂದಿತ್ತು. ಮೆಟ್ಟಿಲಿನ ಜೊತೆಗೆ ಎರಡೂ ಕಡೆ ಬಾಳೆಕಂಬ ಬಂದಿತ್ತು. ಬಾಗಿಲಿನ ಮೇಲೆ ಮಿಣಮಿಣ 'ಸುಸ್ವಾಗತ'. ಒಳಗೆ ಹೋಗುವ ಒಂದೊಂದು ಮಗುವಿನ ನೆತ್ತಿಗೂ ಎಲ್ಲಿಂದಲೋ ಪನ್ನೀರಿನ ಹನಿ. ಗೇಟು ತೆರೆದಾಗಲೆಲ್ಲ ನಾಗಸ್ವರ. ಯಾರೂ ಒತ್ತದೆ ತಾನಾಗಿ ಹಾಡುವ ಸಾಮಾನನ್ನು ಯಾವ ಪುಟದಲ್ಲೂ ಇಡಬೇಡಿ ಅಂತ ನಾನು ಎಷ್ಟು ಸಲ ಹೇಳಿಲ್ಲ! ಮಂಗಳವಾರ ಒಂದು ಮದುವೆ ದಿಬ್ಬಣವೇ ಶಾಲೆಗೆ ನುಗ್ಗಿ, ಐದನೆಯ ತರಗತಿಯಲ್ಲಿ ಚಾಪೆ ಹಾಸಿಕೊಂಡು, ತಿಂಡಿ ಯಾವ ಕಡೆ ಅಂತ ಕೇಳಿತಂತೆ.

ನನ್ನ ರ‍್ಯಾಂಪು ಎಲ್ಲೂ ಹೋಗಿರಲಿಲ್ಲ. ಪುಟದಲ್ಲಿ ಅದರ ಸಾಲುಗಳು ಹಾಗೇ ಇದ್ದವು. ಮಂಟಪದ ಮೆಟ್ಟಿಲಿನ ಸಾಲುಸಾಲಿಗೂ ಇಂಪಾರ್ಟೆಂಟ್ ಇತ್ತು, ಅಷ್ಟೆ. ಮೆಟ್ಟಿಲು ರ‍್ಯಾಂಪಿನ ಮೇಲೆ ಕೂತುಬಿಟ್ಟಿತ್ತು, ಆನೆ ಚಾಪೆಯ ಮೇಲೆ ಕೂತ ಹಾಗೆ.

ಶಾಲೆಯ ಆಯಾ ದುರುಗಮ್ಮ ಮತ್ತು ಒಬ್ಬರು ಟೀಚರು ಸೇರಿ ಮೈನಾಳನ್ನು ಕುರ್ಚಿಸಮೇತ ಎತ್ತಿ ಒಳಗಿಟ್ಟರು. ಸೋಮವಾರ ಎತ್ತಿದರು, ಮಂಗಳವಾರ ಎತ್ತಿದರು, ಬುಧವಾರ ಎತ್ತಿದರು. ಗುರುವಾರ ಬೆಳಿಗ್ಗೆ ಅವಳು ಸಮವಸ್ತ್ರ ಹಾಕಿಕೊಳ್ಳಲಿಲ್ಲ.

"ಎತ್ತುವಾಗ ಎಲ್ಲಾರೂ ಹುಷಾರು ಹುಷಾರು ಅಂತಾರಮ್ಮಾ. ಬೀರು ಇಳಿಸೋ ಹಾಗೆ. ನಾನು ಹೋಗಲ್ಲ."

"ಇವತ್ತೊಂದಿನ ಹೋಗೇ, ನನ್ನ ತಾಯಿ. ಏನಾದ್ರೂ ಮಾಡ್ತೀನಿ."

"ಅದನ್ನೇ ನಿನ್ನೆನೂ ಅಂದೆ."

"ಮನೇಲಿ ಕೂತು ಏನ್ ಮಾಡ್ತೀಯೇ?"

"ನಿನ್ನ ತಲೆ ತಿಂತೀನಿ. ಇಲ್ಲಿಂದ ಸುಲಭವಾಗಿ ಸಿಗುತ್ತೆ."

ನಕ್ಕುಬಿಡಬೇಕಿತ್ತು, ನಗು ಬರಲಿಲ್ಲ. ಶನಿವಾರ ಬೀಗದ ದಿನ. ಮಾಘದ ಹುಣ್ಣಿಮೆಯ ಸಂಜೆ ಪುರಸಭೆಯವರು ಊರಿನ ಎಲ್ಲ ಪುಟಗಳಿಗೂ ಬೀಗ ಹಾಕುತ್ತಾರೆ. ಮದುವೆಯ ಕಾಲ, ಹೊರಊರಿನಿಂದ ನೆಂಟರು ಬರುತ್ತಾರೆ, ನಿನ್ನೆ ಇದ್ದ ಬಾಗಿಲು ಇವತ್ತು ಇಲ್ಲ ಅಂದರೆ ಹೇಗೆ ಅನ್ನುವ ಕಾರಣಕ್ಕೆ. ಗಡಿಯಾರದ ಗೋಪುರದ ಗಂಟೆ ಆರು ಹೊಡೆದ ಮೇಲೆ ಒಂದು ಚುಕ್ಕಿಯನ್ನೂ ಕದಲಿಸುವ ಹಾಗಿಲ್ಲ. ಬೀಗ ತೆಗೆಯುವುದು ಯುಗಾದಿಗೆ. ಅಲ್ಲಿಯವರೆಗೆ ಮೈನಾ ಮನೆಯಲ್ಲಿ ಕೂತರೆ ಪರೀಕ್ಷೆ ಹೋಯಿತು, ವರ್ಷ ಹೋಯಿತು. ಅವಳು ಒಮ್ಮೆ ಕೂತರೆ ಕೂತಳೇ. ಆ ಹಟ ಎಲ್ಲಿಂದ ಬಂತು ಅಂತ ಮನೆಯವರು ಫೋನಿನಲ್ಲಿ ಕೇಳಿದರು. ಲಾರಿಯ ಸದ್ದಿನಲ್ಲಿ ನನ್ನ ಉತ್ತರ ಅವರಿಗೆ ಕೇಳಿಸದೆ ಹೋದದ್ದೇ ಒಳ್ಳೆಯದಾಯಿತು.

ಶುಕ್ರವಾರ ಮೇಷ್ಟ್ರ ಕೋಣೆಗೆ ಹೋದೆ. ಗೇಟು ತೆರೆದ ಕೂಡಲೇ ನಾಗಸ್ವರ ನನ್ನನ್ನು ಮದುಮಗಳ ಹಾಗೆ ಒಳಗೆ ಕರೆದುಕೊಂಡು ಹೋಯಿತು.

"ಮೇಷ್ಟ್ರೇ, ಆ ಮೆಟ್ಟಿಲು ತೆಗೀಬೇಕು."

"ಕೂತ್ಕೊಳ್ಳಿ ವಾರಿಜಮ್ಮ. ಮಗು ವಿಷಯ ನನಗೂ ಗೊತ್ತು. ನಾವೆಲ್ಲ ಇದ್ದೀವಲ್ಲ, ಎತ್ತುತ್ತೀವಿ."

"ಅವಳಿಗೆ ಎತ್ತಿಸಿಕೊಳ್ಳೋದು ಬೇಡವಂತೆ."

"ಮಕ್ಕಳು ಹಾಗೇ ಅಂತಾರೆ." ಅವರು ಕನ್ನಡಕ ತೆಗೆದು ಒರೆಸಿದರು. "ನೋಡೀಮ್ಮಾ, ನಿಮಗೆ ಹೇಳ್ತೀನಿ. ಹೋದ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದ್ರು? ಒಂದೇ ಬೆಂಚು. ಜನ ಬರ್ತಾರೆ, ಗೇಟಿನ ಹತ್ರ ನಿಂತು ಈ ಸುಣ್ಣ ಉದುರೋ ಗೋಡೆ ನೋಡ್ತಾರೆ, ಹಾಗೇ ಮುಂದೆ ಹೋಗಿ ಕಾನ್ವೆಂಟಿಗೆ ಸೇರಿಸ್ತಾರೆ. ಈ ವಾರ ಮೂರು ಜನ ನಿಂತು ಮೆಟ್ಟಿಲು ನೋಡಿದ್ರು. ನಾನು ಕಿಟಕೀಲಿ ಕೂತು ನೋಡಿದೆ. ನನ್ನ ಸರ್ವೀಸಿನಲ್ಲಿ ಈ ಶಾಲೇನ ಯಾರೂ ನಿಂತು ನೋಡಿರಲಿಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಜಗಳವಾಡುವುದು ಸಲೀಸಾಗುತ್ತಿತ್ತು.

"ಹಳೇದರ ನಕಲಾದ್ರೂ ತೆಗೆದಿಟ್ಟಿದ್ದೀರಾ?"

"ಯಾಕಮ್ಮ? ಹೊಸದೇ ಚೆನ್ನಾಗಿದೆಯಲ್ಲ."

ನಾನು ಗೋಡೆಯ ಕಡೆ ತಿರುಗಿ ಉಸಿರು ಬಿಟ್ಟೆ.

"ಹಿಂದುಗಡೆ ಬೇಕಾದ್ರೆ ಒಂದು ರ‍್ಯಾಂಪು ಮಾಡ್ಕೊಳ್ಳಿ," ಅಂದರು. "ಕಕ್ಕಸಿನ ಪಕ್ಕ. ಯಾರಿಗೂ ತೊಂದರೆ ಇಲ್ಲ."

ಇದನ್ನು ಮನೆಗೆ ಬಂದು ಹೇಳಿದಾಗ ಮೈನಾ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹಿಂಬಾಗಿಲಿಂದ ಬರೋದು ಬೆಕ್ಕು," ಅಂದಳು.

ಶನಿವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ, ಬೇವಿನ ಮರದ ಕೆಳಗೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೈನಾಳ ಕುರ್ಚಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಮುಂದಿನ ಕಡೆಯೇ, ಮೆಟ್ಟಿಲನ್ನು ಒಂದಿಷ್ಟು ಒತ್ತರಿಸಿ ರ‍್ಯಾಂಪು ಹೊರಗೆ ತರುತ್ತೇನೆ ಅಂತ ಮೇಷ್ಟ್ರನ್ನು ಹೇಗೋ ಒಪ್ಪಿಸಿದ್ದೆ. ಒತ್ತರಿಸಿದೆ. ಉಳಿಸಿದೆ. ಮೆಟ್ಟಿಲು ಕದಲಲಿಲ್ಲ, ಅದರ ಅಗಲಕ್ಕೂ ಇಂಪಾರ್ಟೆಂಟ್. ಮಾನ ಬಿಟ್ಟು ನನ್ನ ರ‍್ಯಾಂಪಿಗೂ ಇಂಪಾರ್ಟೆಂಟ್ ಹಾಕಿದೆ. ಆಗಲೂ ಅದು ಏಳಲಿಲ್ಲ, ಮೆಟ್ಟಿಲಿನ ಸಾಲು ನನ್ನ ಸಾಲಿಗಿಂತ ಕೆಳಗೆ, ಅಂದರೆ ಆಮೇಲೆ ಬರೆದದ್ದು. ನೀನು ಎಲ್ಲರಿಗಿಂತ ಮೇಲೆ ಬಾ ಅಂತ ಕೊನೆಗೆ ರ‍್ಯಾಂಪಿಗೆ ದೊಡ್ಡದೊಂದು ಅಂಕಿ ಕೊಟ್ಟೆ. ಬಂತು. ಮೆಟ್ಟಿಲಿನ ಮೇಲೆ ಆಳೆತ್ತರದಲ್ಲಿ, ಯಾವ ಆಸರೆಯೂ ಇಲ್ಲದೆ, ಗಾಳಿಯಲ್ಲಿ ತೂಗುತ್ತಾ ನಿಂತಿತು.

"ಚೆನ್ನಾಗಿದೆ," ಅಂದಳು ಮೈನಾ. "ಹಾರೋ ಮಕ್ಕಳಿಗೆ."

"ಬಾಯಿ ಮುಚ್ಚು."

ಅಷ್ಟರಲ್ಲಿ ಚಿನ್ನದಂಗಡಿಯವರ ಫೋನು. "ಅಕ್ಕಾ, ಬೀಗ ಬೀಳೋದ್ರೊಳಗೆ ಬೋರ್ಡು ಒಂಚೂರು..." ನಾನು ಫೋನನ್ನು ಮೈನಾಳ ಕೈಗೆ ಕೊಟ್ಟೆ. ಅವಳು ಏನು ಹೇಳಿದಳೋ, ಆಮೇಲೆ ಅವರ ಫೋನು ಬರಲಿಲ್ಲ.

ಒಳಗೆ ಶಾಲೆಯವರೆಲ್ಲ ಸಂತಾಪ ಸಭೆಗೆ ಸೇರಿದ್ದರು. ನಿವೃತ್ತರಾದ ಹಳೆಯ ಗಣಿತದ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ತಿಪ್ಪೇರುದ್ರಪ್ಪನವರಿಗೂ ಪಾಠ ಹೇಳಿದವರಂತೆ. ಎಲ್ಲರೂ ಎದ್ದು, ತಲೆ ತಗ್ಗಿಸಿ, ಮೌನ ಆಚರಿಸುತ್ತಿದ್ದಾರೆ. ತೀರಿಕೊಂಡವರ ಹೆಂಡತಿ, ವಯಸ್ಸಾದ ಹೆಂಗಸು, ಆಟೋ ಇಳಿದು ನಿಧಾನವಾಗಿ ಬಂದು ಗೇಟು ತೆರೆದರು. ಗಟ್ಟಿಮೇಳ ಶುರುವಾಯಿತು. ಡೋಲಿನವನಿಗೆ ಆವೇಶ ಬಂದ ಹಾಗೆ. ಆ ಹಿರಿಯಾಕೆ ಗೇಟು ಹಿಡಿದುಕೊಂಡೇ ನಿಂತರು. ಅವರು ಗೇಟು ಬಿಡುವವರೆಗೂ ಅದು ನಿಲ್ಲಲಿಲ್ಲ. ನೆತ್ತಿಯ ಮೇಲೆ ಪನ್ನೀರೂ ಬಿತ್ತು.

ಮೇಷ್ಟ್ರು ಓಡಿಬಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸಭೆ ಮುಗಿದ ಮೇಲೆ ಬೇವಿನ ಮರದ ಹತ್ತಿರ ಬಂದಾಗ ಅವರ ಮುಖ ಒಂದು ಹಿಡಿಯಷ್ಟಾಗಿತ್ತು.

"ವಾರಿಜಮ್ಮ, ಆ ವಾದ್ಯ ನಿಲ್ಲಿಸಿಬಿಡಿ. ಬುಧವಾರ ನಾನೇ ಅದನ್ನ ಕಾಣಿಸಬೇಡ ಅಂತ ಬರೆದೆ. ಪೆಟ್ಟಿಗೆ ಮಾಯವಾಯ್ತು, ಸದ್ದು ಹೋಗಲಿಲ್ಲ."

"ಹೋಗಲ್ಲ ಮೇಷ್ಟ್ರೇ. ಕಾಣದ್ದಕ್ಕೂ ಬಾಯಿ ಇರುತ್ತೆ."

"ತೆಗೀರಿ ಮತ್ತೆ."

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. "ಇದು ನೀವು ತಂದು ಸುರಿದದ್ದು. ಎಲ್ಲಿಂದ ಎಲ್ಲಿಗೆ ವಾದ್ಯ, ಎಲ್ಲಿಂದ ಮೆಟ್ಟಿಲು, ಎಲ್ಲಿ ಪನ್ನೀರು, ಒಂದು ಮಾತು ಬರೆದಿಲ್ಲ. ಮೆಟ್ಟಿಲಿನ ಒಳಗೆ ಬಾಳೆಕಂಬ, ಬಾಳೆಕಂಬದ ಒಳಗೆ ವಾದ್ಯ, ವಾದ್ಯದ ಒಳಗೆ ಮತ್ತೆ ಮೆಟ್ಟಿಲಿನ ಬಣ್ಣ. ಬಿಡಿಸಬಹುದು. ಎರಡು ದಿನ ಕೂತ್ಕೋಬೇಕು."

ಮೇಷ್ಟ್ರು ಗೋಪುರದ ಕಡೆ ನೋಡಿದರು. ಐದೂಕಾಲು.

"ಪೂರ್ತಿ ಕಿತ್ತರೆ?"

"ಅದು ಇವತ್ತೇ ಆಗುತ್ತೆ. ವಾದ್ಯ ಹೋಗುತ್ತೆ, ಮೆಟ್ಟಿಲೂ ಹೋಗುತ್ತೆ."

"ಯುಗಾದಿವರೆಗೂ ಗೇಟು ತೆಗೆಯದೆ ಇದ್ದರೆ..." ಅಂದು ಅವರೇ ನಿಲ್ಲಿಸಿದರು. ಆಮೇಲೆ ಮೆಟ್ಟಿಲನ್ನೇ ನೋಡುತ್ತಾ ನಿಂತರು. ಇಳಿಬಿಸಿಲು ಬಿದ್ದು ಕರಿಕಲ್ಲು ನಿಜಕ್ಕೂ ಚೆನ್ನಾಗಿ ಹೊಳೆಯುತ್ತಿತ್ತು. ಒಂದು ಮಾತು ಸಮಾಧಾನ ಹೇಳೋಣ ಅನ್ನಿಸಿತು. ಗಂಟೆ ನೆನಪಾಗಿ ಪರದೆಯ ಕಡೆ ತಿರುಗಿದೆ.

"ಕಿತ್ತುಬಿಡಿ," ಅಂದರು.

ಕೀಳುವುದೂ ಸುಲಭದ್ದಲ್ಲ. ತೆರೆದ ಪ್ರತಿ ಆವರಣ ಚಿಹ್ನೆಯೂ ಎಲ್ಲೋ ಮುಚ್ಚಿರಬೇಕು, ಮುಚ್ಚಿದ್ದು ಯಾವುದಕ್ಕೆ ಅಂತ ಬೆರಳಿಟ್ಟು ಹುಡುಕಬೇಕು. ಮಂಟಪದವರ ಥೀಮು ಬರೆದವರು ಯಾರೋ, ಅವರ ಕೈಗೆ ಹುಣ್ಣಾಗಲಿ, ಒಂದು ಸಾಲೂ ನೆಟ್ಟಗೆ ನಿಂತಿರಲಿಲ್ಲ. ಮೊದಲ ತುದಿ ಸಿಕ್ಕಿತು. ಕೊನೆಯ ತುದಿ ಇದೇ ಇರಬೇಕು ಅಂತ ಅಳಿಸಿ ಉಳಿಸಿದೆ. ಮೆಟ್ಟಿಲು ಹೋಯಿತು, ಬಾಳೆಕಂಬ ಹೋಯಿತು, ಅದರ ಹಿಂದೆಯೇ ಶಾಲೆಯ ಮುಂದಿನ ಗೋಡೆಯೂ ಹೋಯಿತು. ಆಫೀಸು ಕೋಣೆಯಲ್ಲಿ ದುರುಗಮ್ಮ ಕುರ್ಚಿಯ ಮೇಲೆ ನಿಂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವಳು ಹಾಗೇ ತಿರುಗಿ ಇಡೀ ಮೈದಾನವನ್ನು ನೋಡಿದಳು.

"ಯಾರವ್ವಾ ಅದು ಗ್ವಾಡೆ ತೆಗೆದೋರು? ಛಳಿ ಹೊಡೀತೈತೆ!"

"ಒಂದು ಆವರಣ ಜಾಸ್ತಿ ಅಳಿಸಿದೆ, ತಾಳು ದುರುಗಮ್ಮ!"

"ತಾಳೋದು ಹೆಂಗೆ, ಸೂರು ಜೋಲ್ತಾ ಐತೆ!"

ಪುಣ್ಯಕ್ಕೆ ಅಳಿಸುವ ಮೊದಲು ಎಲ್ಲವನ್ನೂ ನಕಲು ಮಾಡಿಟ್ಟುಕೊಂಡಿದ್ದೆ. ಅದರಿಂದ ಆ ಒಂದು ಆವರಣವನ್ನು ಹುಡುಕಿ ತಂದು, ಇದ್ದ ಜಾಗದಲ್ಲಿ ಕೂರಿಸಿ, ಉಳಿಸಿದೆ. ಗೋಡೆ ಬಂತು, ಸುಣ್ಣ ಉದುರುವ ಅದೇ ಗೋಡೆ. ಗಾಳಿಯಲ್ಲಿ ತೂಗುತ್ತಿದ್ದ ರ‍್ಯಾಂಪಿನ ದೊಡ್ಡ ಅಂಕಿಯನ್ನೂ, ನಾನು ಹಾಕಿದ್ದ ಇಂಪಾರ್ಟೆಂಟನ್ನೂ ಕಿತ್ತೆ. ಅದು ಮೆತ್ತಗೆ ಕೆಳಗಿಳಿದು ತನ್ನ ಜಾಗದಲ್ಲಿ ಮಲಗಿತು. ಉದ್ದಕ್ಕೆ ಹೋಗಿ, ತಿರುಗಿ, ಬಾಗಿಲು ಮುಟ್ಟಿತು.

ಮೇಷ್ಟ್ರು ಅದನ್ನೂ ಪಕ್ಕದ ಖಾಲಿ ಜಾಗವನ್ನೂ ನೋಡಿದರು. "ಹಳೇ ಕಲ್ಲುಮೆಟ್ಟಿಲು?"

"ನೀವು ಅಳಿಸಿದ್ರಲ್ಲ. ನಕಲಿಲ್ಲ. ಹೊಸದಾಗಿ ಬರೀಬೇಕು."

"ಬರೀರಿ, ಇನ್ನೂ ಹತ್ತು ನಿಮಿಷ ಇದೆ."

ಬರೆಯಬಹುದಿತ್ತು. ಮೆಟ್ಟಿಲು ಬರೆಯುವುದು ಏನು ಮಹಾ, ಕಣ್ಣು ಮುಚ್ಚಿ ಬರೆಯುತ್ತೇನೆ. ಬೆರಳನ್ನು ಕೀಲಿಗಳ ಮೇಲಿಟ್ಟೆ. ಬೆಳಿಗ್ಗೆಯಿಂದ ಪಟಪಟ ಅಂತಿದ್ದ ಮೈನಾ ಈಗ ತನ್ನ ಕುರ್ಚಿಯ ಗಾಲಿಗೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು.

"ಮೇಷ್ಟ್ರೇ," ಅಂದೆ, "ಮೆಟ್ಟಿಲು ಹತ್ತಕ್ಕಾಗದ ಮಗು ಈ ಶಾಲೇಲಿದೆ. ರ‍್ಯಾಂಪು ಹತ್ತಕ್ಕಾಗದವರು ಯಾರಾದ್ರೂ ಇದ್ದಾರಾ?"

ಅವರು ಬಾಯಿ ತೆರೆದರು. ಯೋಚಿಸಿದರು. ಪಾಪ, ಪ್ರಾಮಾಣಿಕವಾಗಿ ಯೋಚಿಸಿದರು, ಒಂದೊಂದು ತರಗತಿಯನ್ನೂ ಮನಸ್ಸಿನಲ್ಲೇ ಹಾಯ್ದು ಬಂದವರ ಹಾಗೆ.

"ಇಲ್ಲ," ಅಂದರು. "ಆದರೆ ಸುತ್ತು ಬಳಸು."

"ಹೌದು, ಸುತ್ತು ಬಳಸು."

ನಾನು ಲ್ಯಾಪ್‌ಟಾಪು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಗೋಪುರದ ಗಂಟೆ ಹೊಡೆಯಿತು. ಊರಿನ ಬಾಗಿಲುಗಳೆಲ್ಲ ಇದ್ದಲ್ಲೇ ಗಟ್ಟಿಯಾದವು. ಎಲ್ಲ ಸರಿಹೋಯಿತು ಅನ್ನುವ ಸಂತೋಷ ನನಗೇನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ದೋಸೆಗೆ ಅಕ್ಕಿ ನೆನೆಹಾಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೈನಾ ಸಮವಸ್ತ್ರ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಿನಲ್ಲಿದ್ದಳು. ನಾವು ಹೋಗುವ ಹೊತ್ತಿಗೆ ರ‍್ಯಾಂಪಿನ ಕೆಳಗೆ ಮಕ್ಕಳು ಗುಂಪಾಗಿದ್ದರು, ಯಾವ ಕಡೆಯಿಂದ ಹತ್ತುವುದು ಅಂತ ಗಲಾಟೆ. ಅವಳು ಯಾರನ್ನೂ ಕೇಳದೆ ಮುಂದೆ ಹೋಗಿ ಗಾಲಿ ತಿರುಗಿಸಿದಳು. ಆ ದಾರಿಯ ಅಗಲ ಅವಳ ಕುರ್ಚಿಯ ಅಗಲಕ್ಕಿಂತ ಒಂದು ಗೇಣು ಜಾಸ್ತಿ, ಅಷ್ಟೆ. ಅವಳ ಹಿಂದೆ ನಿಂತವರು ಹಿಂದೆಯೇ ನಿಲ್ಲಬೇಕು. ಅವಳ ಬೆನ್ನಿಗೆ ಮೇಷ್ಟ್ರೇ ಸಿಕ್ಕಿಕೊಂಡರು, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಬುತ್ತಿ. ಅವರ ಹಿಂದೆ ಟೀಚರುಗಳು, ಅವರ ಹಿಂದೆ ಒಂದರಿಂದ ಏಳನೆಯ ತರಗತಿ.

ಒಂದು ವಾರದ ಅಭ್ಯಾಸ ತಪ್ಪಿತ್ತು. ತಿರುವಿಗೆ ಬರುವಷ್ಟರಲ್ಲಿ ಅವಳ ಕೈ ಸೋತಿತು. ಗಾಲಿ ಹಿಡಿದು ನಿಂತಳು. ಅವಳ ಭುಜ ಏರಿಳಿಯುವುದು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು. ಕಾಲು ತಾನಾಗಿ ಮುಂದೆ ಹೋಯಿತು, ತಡೆದುಕೊಂಡೆ. ಮೇಷ್ಟ್ರು ಬುತ್ತಿಯನ್ನು ಛತ್ರಿಯ ಕೈಗೆ ಬದಲಾಯಿಸಿ, ಕುರ್ಚಿಯ ಹಿಡಿಗೆ ಕೈ ಹಾಕಿದರು.

"ಬೇಡ ಸರ್," ಅಂದಳು, ಹಿಂದೆ ತಿರುಗದೆ. "ಒಂಚೂರು ಸುಧಾರಿಸ್ಕೊಂಡು ಹೋಗ್ತೀನಿ."

ಅವರು ಕೈ ತೆಗೆದರು. ಅವಳು ಸುಧಾರಿಸಿಕೊಂಡಳು. ಮೇಷ್ಟ್ರು ನಿಂತರು, ಟೀಚರುಗಳು ನಿಂತರು, ಕೆಳಗೆ ಗೇಟಿನವರೆಗೆ ಇಡೀ ಶಾಲೆ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದ ಒಂದಿಬ್ಬರು, ಇದೇನು ಸಾಲು ಅಂತ, ಸೈಕಲ್ಲಿನಿಂದ ಕಾಲು ಕೆಳಗಿಟ್ಟು ನಿಂತು ನೋಡಿದರು.

ಒಳಗೆ ದುರುಗಮ್ಮ ಹೊತ್ತಿಗೆ ಸರಿಯಾಗಿ ಪ್ರಾರ್ಥನೆಯ ಗಂಟೆ ಹೊಡೆದಳು. ಅದನ್ನು ಕೇಳಿಸಿಕೊಂಡು ಅವಸರ ಮಾಡಿದವರು ಯಾರೂ ಇರಲಿಲ್ಲ.